ಅಮ್ಮನ ಹಾಡು, ಲಿನಕ್ಸ್ ಪಾಡು

ಸ್ಮರಣ ಸಂಚಿಕೆಗೆ ವೈದ್ಯರೊಬ್ಬರು ಲೇಖನ ಬರೆದರೆ ಅದು ಸಕ್ಕರೆ ಕಾಯಿಲೆಯ ಬಗ್ಗೆಯೋ, ರಕ್ತದೊತ್ತಡದ ಬಗ್ಗೆಯೋ, ‘ನಲವತ್ತರ ನಂತರ ನಿಮ್ಮ ಹೃದಯ’ದ ಬಗ್ಗೆಯೋ ಇರಬೇಕೆಂಬುದು ನಮ್ಮ ಸಂಘಗಳ ಅಲಿಖಿತ ನಿಯಮ. ನಾನೂ ಕೆಲವು ವರ್ಷ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಈ ಸಲ ಸಂಪಾದಕರ ಅನುಮತಿ ಪಡೆದು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಸಂಗೀತದ ಕೆಲಸ ಮಾಡಬೇಕಾದರೆ ಯಾವ ಲಿನಕ್ಸ್ ಹಾಕಿಕೊಳ್ಳಬೇಕು ಎಂಬುದೇ ಆ ವಿಷಯ. ನಾನು ಓದಿದ್ದು ಎಂ.ಬಿ.ಬಿ.ಎಸ್., ಆಮೇಲೆ ಎಂ.ಡಿ. ಗಣಕಯಂತ್ರದ ಪಾಠ ಒಂದು ದಿನವೂ ಕೇಳಿದವನಲ್ಲ. ಆದರೂ ಐವತ್ತು ದಾಟಿದ ಮೇಲೆ ಇದನ್ನು ಕಲಿಯಬೇಕಾಗಿ ಬಂತು. ಅದಕ್ಕೆ ಕಾರಣ ನಮ್ಮ ಮನೆಯ ಕಪಾಟಿನಲ್ಲಿರುವ ಒಂದು ಬಿಸ್ಕತ್ ಡಬ್ಬಿ.

ನಾನು ಸೊಹಾರ್‌ಗೆ ಬಂದದ್ದು 2000ದಲ್ಲಿ. ಆಗ ಊರಿಗೆ ಫೋನ್ ಮಾಡುವುದೆಂದರೆ ಒಂದು ಕಣ್ಣು ಗಡಿಯಾರದ ಮೇಲಿಟ್ಟುಕೊಂಡೇ ಮಾತಾಡಬೇಕಿತ್ತು. ‘ಹೇಗಿದ್ದೀಯಾ, ಊಟ ಆಯ್ತಾ’ ಎನ್ನುವಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿಯುತ್ತಿತ್ತು. ಅದಕ್ಕೆ ಕೊಲ್ಲಿಯ ಜನ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಊರಿಗೆ ಹೊರಟವರ ಕೈಯಲ್ಲಿ ಖಾಲಿ ಕ್ಯಾಸೆಟ್ ಕಳಿಸುವುದು, ಮನೆಯವರು ಅದರಲ್ಲಿ ಮಾತು ತುಂಬಿಸಿ ವಾಪಸ್ ಕಳಿಸುವುದು. ಹಳಬರಿಗೆಲ್ಲ ಇದು ನೆನಪಿರುತ್ತದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ನಾನೇ ಇಲ್ಲಿಂದ ಹೊತ್ತುಕೊಂಡು ಹೋಗಿದ್ದ ಟೂ-ಇನ್-ಒನ್ ಮುಂದೆ ಕೂತು ಅಮ್ಮ ತುಂಬಿಸಿದ ಹದಿನಾಲ್ಕು ಕ್ಯಾಸೆಟ್ಟುಗಳು ಆ ಡಬ್ಬಿಯಲ್ಲಿವೆ. 2001ರಿಂದ 2006ರವರೆಗಿನವು. ಅಮ್ಮ 2009ರಲ್ಲಿ ತೀರಿಕೊಂಡರು.

ಅಮ್ಮನಿಗೆ ಮಾತಿಗಿಂತ ಹಾಡು ಸಲೀಸು. ಊರಿನ ಸುದ್ದಿ ಐದು ನಿಮಿಷದಲ್ಲಿ ಮುಗಿಸಿ ಹಾಡಲು ಶುರು ಮಾಡುತ್ತಿದ್ದರು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಗೌರಿ ಹಾಡು, ಬೀಗಿತ್ತಿಯನ್ನು ಹಂಗಿಸುವ ಹಾಡು... ಅಜ್ಜಿಯ ಬಾಯಿಂದ ಅಮ್ಮನ ಬಾಯಿಗೆ ಬಂದ ಹಾಡುಗಳಿವು. ಇವುಗಳಲ್ಲಿ ಹಲವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಅಕ್ಕನಿಗೆ ಕೆಲವು ಹಾಡಿನ ಮೊದಲ ಎರಡು ನುಡಿ ಗೊತ್ತು, ತಂಗಿಗೆ ಪಲ್ಲವಿ ಮಾತ್ರ ಗೊತ್ತು. ಪೂರ್ತಿ ಹಾಡು ಇರುವುದು ಆ ಡಬ್ಬಿಯಲ್ಲಿ ಮಾತ್ರ. ಮಗಳ ಮದುವೆ ಗೊತ್ತಾದಾಗ ಅವಳು ಕೇಳಿದ್ದು ಒಂದೇ: “ಅಪ್ಪಾ, ಹಸೆಗೆ ಕರೆಯೋವಾಗ ಅಜ್ಜಿ ಹಾಡೇ ಹಾಕೋಣ.”

ಒಂದು ಕ್ಯಾಸೆಟ್ ತೆಗೆದು ನೋಡಿದೆವು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಅಂಟು ಬಿಟ್ಟು ಉದುರಿಹೋಗಿತ್ತು. ಹಾಕಿದರೆ ಅಮ್ಮ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿತು. ಬಾತಿನಾ ಕರಾವಳಿಯ ಸೆಕೆ ಮತ್ತು ತೇವ ನಿಮಗೆಲ್ಲ ಗೊತ್ತೇ ಇದೆ. ಇಲ್ಲಿ ಉಪ್ಪು, ಅವಲಕ್ಕಿ, ಹಪ್ಪಳವೇ ಉಳಿಯುವುದಿಲ್ಲ, ಇನ್ನು ಕಾಲು ಶತಮಾನದ ಕ್ಯಾಸೆಟ್ ಎಷ್ಟು ದಿನ ಉಳಿದೀತು! ಇದ್ದದ್ದನ್ನು ಇದ್ದ ಹಾಗೆ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು, ಅದೂ ಬೇಗ.

ಮನೆಯಲ್ಲಿದ್ದದ್ದು 2015ರಲ್ಲಿ ಕೊಂಡ ಲ್ಯಾಪ್‌ಟಾಪ್. 8 ಜಿಬಿ ಮೆಮೊರಿ, ನಡುವೆ ಹಾಕಿಸಿದ ಎಸ್‌ಎಸ್‌ಡಿ, ಗಟ್ಟಿಮುಟ್ಟಾದ ದೇಹ. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರ್ ಅಷ್ಟು ಹಳೆಯ ಯಂತ್ರದಲ್ಲಿ ಇರುವುದಿಲ್ಲ. ಹೊಸದು ಕೊಳ್ಳೋಣ ಎಂದುಕೊಳ್ಳುತ್ತಿರುವಾಗ, ಬಂದರಿನ ಕಡೆ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಮೂಡುಬಿದಿರೆ ಕಡೆಯ ತರುಣರೊಬ್ಬರು ಮನೆಗೆ ಬಂದಿದ್ದರು.

“ಎಂತದು ಡಾಕ್ಟ್ರೇ, ಇದಕ್ಕೆ ಹೊಸತು ಯಾಕೆ? ಲಿನಕ್ಸ್ ಹಾಕುವಾ.”

“ಯಾವ ಲಿನಕ್ಸಪ್ಪಾ?” ಎಂದೆ.

“ಅದೇ ನೋಡಿ ಕಷ್ಟ. ನೂರಾರು ಉಂಟು!”

ಲಿನಕ್ಸ್ ಎಂದರೇನು ಎಂದು ತಿಳಿಯದವರಿಗೆ ಎರಡು ಮಾತು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಗಣಕಯಂತ್ರದ ಕಾರ್ಯಾಚರಣೆ ವ್ಯವಸ್ಥೆಯ ತಿರುಳೊಂದನ್ನು ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ ಎಂದು ಬಿಟ್ಟುಕೊಟ್ಟರು. ಆ ತಿರುಳಿನ ಸುತ್ತ ಬೇಕಾದ ತಂತ್ರಾಂಶಗಳನ್ನು ಸೇರಿಸಿ, ಕಟ್ಟಿ ಕೊಡುವ ಒಂದೊಂದು ಪೊಟ್ಟಣಕ್ಕೂ ‘ಡಿಸ್ಟ್ರೋ’ ಅಥವಾ ವಿತರಣೆ ಎಂದು ಹೆಸರು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಊರಿನಲ್ಲಿ ಜ್ವರಕ್ಕೆ ಡೋಲೊ ಕೊಡುತ್ತಾರೆ, ಇಲ್ಲಿ ಪನಡೋಲ್ ಕೊಡುತ್ತಾರೆ. ಒಳಗಿರುವುದು ಅದೇ ಪ್ಯಾರಾಸಿಟಮಾಲ್. ಆದರೂ ಮೂರು ಸಂಗತಿ ನೋಡಿಯೇ ಔಷಧ ಕೊಳ್ಳಬೇಕು: ಜೊತೆಗೆ ಇನ್ನೇನು ಸೇರಿಸಿದ್ದಾರೆ, ಪ್ರಮಾಣ ಎಷ್ಟು, ಕೊನೆಯ ದಿನಾಂಕ ಯಾವುದು. ಲಿನಕ್ಸಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲಿ ಕೊನೆಯ ದಿನಾಂಕ ಎಂದರೆ ಆ ಆವೃತ್ತಿಗೆ ಭದ್ರತೆಯ ತಿದ್ದುಪಡಿಗಳು ಎಲ್ಲಿಯವರೆಗೆ ಬರುತ್ತವೆ ಎಂಬುದು.

ರೋಗಿಯ ತೊಂದರೆ ಕೇಳದೆ ಔಷಧ ಬರೆಯುವಂತಿಲ್ಲ. ಆದ್ದರಿಂದ ನಮಗೆ ಬೇಕಾದ ಕೆಲಸಗಳನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಂಡೆ. ಒಂದು, ಕ್ಯಾಸೆಟ್ ಇಳಿಸಿಕೊಳ್ಳುವುದು. ಎರಡು, ನಮ್ಮ ಸಂಘದ ಮಕ್ಕಳ ಗಾಯನ ಧ್ವನಿಮುದ್ರಣ. ಮೂರು, ಹಾಡುಗಳ ಸಾಹಿತ್ಯವನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವುದು. ನಾಲ್ಕು, ನನ್ನ ಶ್ರೀಮತಿ ದಿನನಿತ್ಯ ಬಳಸುವಂತಿರುವುದು. ನಾಲ್ಕನೆಯದು ತಪ್ಪಿದರೆ ಉಳಿದ ಮೂರಕ್ಕೆ ಮನೆಯಲ್ಲಿ ಅನುಮತಿ ಸಿಗುವುದಿಲ್ಲ ಎಂಬುದನ್ನು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ!

ಈ ಪಟ್ಟಿಯ ಮೊದಲ ಎರಡು ಕೆಲಸಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ಕ್ಯಾಸೆಟ್ ಇಳಿಸುವಾಗ ಶಬ್ದ ಒಂದು ಕಡೆಯಿಂದ ಒಳಗೆ ಬಂದರೆ ಸಾಕು, ಅರ್ಧ ಸೆಕೆಂಡು ತಡವಾಗಿ ಬಂದರೂ ಯಾರಿಗೂ ನಷ್ಟವಿಲ್ಲ. ಹಾಡುವವರ ಪಾಡು ಹಾಗಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಂಬೂರಿಗೆ ಸೇರಿಸಿ ಹಾಡುವ ಮಗುವಿಗೆ ತನ್ನ ದನಿ ಗಣಕಯಂತ್ರದೊಳಗೆ ಸುತ್ತಿ ತಡವಾಗಿ ವಾಪಸ್ ಬಂದರೆ ತಾಳ ತಪ್ಪುತ್ತದೆ. ತನ್ನದೇ ಮಾತು ಸುಮಾರು 200 ಮಿಲಿಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ಸರಾಗವಾಗಿ ಮಾತಾಡುವವರೂ ತೊದಲುತ್ತಾರೆ ಎಂಬುದು ವೈದ್ಯಶಾಸ್ತ್ರದಲ್ಲಿ ಬಹುಕಾಲದಿಂದ ತಿಳಿದ ವಿಷಯ. ಹಾಡುವವರಿಗೆ ಅದಕ್ಕಿಂತ ಬಹಳ ಕಡಿಮೆ ತಡವೂ ಕಿರಿಕಿರಿಯೇ.

ಎಷ್ಟು ತಡವನ್ನು ಸಹಿಸಬಹುದು? ಯಕ್ಷಗಾನದ ರಂಗಸ್ಥಳ ನೆನೆಸಿಕೊಳ್ಳಿ. ಗಾಳಿಯಲ್ಲಿ ಶಬ್ದ 10 ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಸಾಗುತ್ತದೆ. ಭಾಗವತರಿಂದ ಮೂರು ಮೀಟರ್ ದೂರದಲ್ಲಿ ಚೆಂಡೆಯವರು ನಿಂತರೆ ಯಾರಿಗೂ ತೊಂದರೆಯಿಲ್ಲ. ಅವರನ್ನು ಮೈದಾನದ ಆಚೆ ತುದಿಗೆ ಕಳಿಸಿ ಬಾರಿಸಲು ಹೇಳಿದರೆ ಆಟ ಕೆಡುತ್ತದೆ. ಗಣಕಯಂತ್ರ ಶಬ್ದವನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆಯುವಾಗ ಕಂತಿಗೆ 1,024 ಮಾದರಿ ಇಟ್ಟರೆ ಒಂದು ಕಂತಿಗೆ 21 ಮಿಲಿಸೆಕೆಂಡು ಹಿಡಿಯುತ್ತದೆ, 256 ಇಟ್ಟರೆ ಐದು ಚಿಲ್ಲರೆ. ಕಂತು ಚಿಕ್ಕದಾದಷ್ಟೂ ತಡ ಕಡಿಮೆ, ಆದರೆ ಯಂತ್ರಕ್ಕೆ ಧಾವಂತ ಹೆಚ್ಚು. ನಡುವೆ ಅದು ಬೇರೆ ಕೆಲಸಕ್ಕೆ ತಿರುಗಿದರೆ ಹಾಡಿನ ಮಧ್ಯೆ ‘ಟಪ್’ ಎಂದು ಸದ್ದಾಗಿ ಒಂದು ಚೂರು ಕಳೆದುಹೋಗುತ್ತದೆ. ಹೀಗೆ ಕಳೆದುಹೋಗದಂತೆ ಶಬ್ದಕ್ಕೆ ಮೊದಲ ಪ್ರಾಶಸ್ತ್ಯ ಕೊಟ್ಟು ಸಿದ್ಧಪಡಿಸಿದ್ದೇ ಸಂಗೀತದ ಲಿನಕ್ಸ್.

ಮೊದಲೆಲ್ಲ ಇದಕ್ಕೆ ವಿಶೇಷ ತಿರುಳನ್ನೇ ಹುಡುಕಿ ಹಾಕಬೇಕಿತ್ತು. ಪಾಲ್ ಡೇವಿಸ್ ಎಂಬುವರು ರೂಪಿಸಿದ ‘ಜ್ಯಾಕ್’ ಎಂಬ ಶಬ್ದ ವ್ಯವಸ್ಥೆಯನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕಿತ್ತು. ಈಗ ಕಾಲ ಬದಲಾಗಿದೆ. ವಿಮ್ ಟೇಮನ್ಸ್ ಆರಂಭಿಸಿದ ‘ಪೈಪ್‌ವೈರ್’ ಎಂಬ ವ್ಯವಸ್ಥೆ ಸಿನಿಮಾ ನೋಡುವವರನ್ನೂ ಧ್ವನಿಮುದ್ರಣ ಮಾಡುವವರನ್ನೂ ಒಂದೇ ಸೂರಿನಡಿ ತಂದಿದೆ. ಫೆಡೋರಾ 2021ರಲ್ಲಿ, ಲಿನಕ್ಸ್ ಮಿಂಟ್ 2024ರಲ್ಲಿ ಅದನ್ನೇ ಮೂಲ ವ್ಯವಸ್ಥೆಯಾಗಿ ಮಾಡಿಕೊಂಡವು. ಸುಮಾರು ಇಪ್ಪತ್ತು ವರ್ಷ ಹೊರಗೇ ಇದ್ದ ‘ರಿಯಲ್ ಟೈಮ್’ ತಿದ್ದುಪಡಿಯೂ 2024ರ ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯ ಹೊತ್ತಿಗೆ ಲಿನಕ್ಸಿನ ಮುಖ್ಯ ತಿರುಳಿನೊಳಕ್ಕೆ ಸೇರಿಕೊಂಡಿತು. ಹಾಗಾಗಿ ಡಿಸ್ಟ್ರೋಗಳ ನಡುವಿನ ಅಂತರ ಮೊದಲಿನಷ್ಟು ದೊಡ್ಡದಲ್ಲ. ಆಯ್ಕೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಇದು ಸಮಾಧಾನದ ಮಾತು.

ನಮ್ಮ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ನಾಲ್ಕು ಹೆಸರು. 2007ರಿಂದ ಬರುತ್ತಿರುವ ಉಬುಂಟು ಸ್ಟುಡಿಯೋ, ಗ್ಲೆನ್ ಮ್ಯಾಕ್‌ಆರ್ಥರ್ ಎಂಬುವರು ಮುತುವರ್ಜಿಯಿಂದ ಕಟ್ಟುವ ಎವಿ ಲಿನಕ್ಸ್, ಫೆಡೋರಾ ಬಳಗದ ಫೆಡೋರಾ ಜಾಮ್, ಮತ್ತು ಸಾದಾ ಲಿನಕ್ಸ್ ಮಿಂಟ್ ಹಾಕಿಕೊಂಡು ಬೇಕಾದ ತಂತ್ರಾಂಶವನ್ನು ನಾವೇ ಸೇರಿಸಿಕೊಳ್ಳುವುದು. ಒಂದು ಕಾಲಕ್ಕೆ ಸಂಗೀತಗಾರರಲ್ಲಿ ಹೆಸರು ಮಾಡಿದ್ದ 64 ಸ್ಟುಡಿಯೋದಂಥವು ಈಗ ನಿಂತುಹೋಗಿವೆ. ಆದ್ದರಿಂದ ಹಿಂದೆ ಎಷ್ಟು ಜನ ಇದ್ದಾರೆ ಎಂಬುದನ್ನೂ ನೋಡಬೇಕು ಎಂದು ನಮ್ಮ ಎಂಜಿನಿಯರ್ ಹೇಳಿದರು.

ಲಿನಕ್ಸಿನ ದೊಡ್ಡ ಗುಣವೆಂದರೆ ಕೊಯ್ಯದೆಯೇ ಪರೀಕ್ಷೆ ಮಾಡಬಹುದು. ಪೆನ್‌ಡ್ರೈವಿಗೆ ಬರೆದುಕೊಂಡು ಅದರಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿದರೆ ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ನೋಡಬಹುದು. ನಾಲ್ಕು ಶುಕ್ರವಾರ, ನಾಲ್ಕು ಡಿಸ್ಟ್ರೋ. ಎಲ್ಲಕ್ಕೂ ಒಂದೇ ಪರೀಕ್ಷೆ: ವೈಫೈ ಬರುತ್ತದೆಯೇ, ಎರಡು ಚಾನೆಲ್ಲಿನ ಪುಟ್ಟ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಚುಚ್ಚಿದೊಡನೆ ಗುರುತು ಹಿಡಿಯುತ್ತದೆಯೇ, ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ, 256ರ ಕಂತಿನಲ್ಲಿ ಅರ್ಧ ಗಂಟೆ ಧ್ವನಿಮುದ್ರಣ ಮಾಡಿದರೆ ಎಷ್ಟು ಸಲ ‘ಟಪ್’ ಎನ್ನುತ್ತದೆ.

ನಾಲ್ಕೂ ಪಾಸಾದವು, ಅಂಕಗಳು ಮಾತ್ರ ಬೇರೆ ಬೇರೆ. ಎವಿ ಲಿನಕ್ಸ್ ನಮ್ಮ ಹಳೆಯ ಯಂತ್ರದಲ್ಲಿ ಎಲ್ಲಕ್ಕಿಂತ ಹಗುರವಾಗಿ ಓಡಿತು. ಅನುಭವಸ್ಥ ಸಂಗೀತಗಾರರಿಗೆ ಹೇಳಿ ಮಾಡಿಸಿದಂತಿದೆ. ಆದರೆ ತೆರೆಯ ತುಂಬ ಗುಂಡಿಗಳನ್ನು ನೋಡಿ ನನ್ನ ಶ್ರೀಮತಿ, “ಇದೇನ್ರೀ, ನಿಮ್ಮ ಐಸಿಯು ಇದ್ದ ಹಾಗಿದೆ!” ಎಂದರು. ಫೆಡೋರಾ ಜಾಮ್ ಚೊಕ್ಕಟವಾಗಿತ್ತು. ಹೊಸ ಸೌಕರ್ಯಗಳು ಅದಕ್ಕೇ ಮೊದಲು ಬರುತ್ತವೆ. ಆದರೆ ಒಂದೊಂದು ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು. ವರ್ಷ ವರ್ಷ ಬದಲಾಯಿಸುವ ಪುರುಸೊತ್ತು ನಮಗಿಲ್ಲ. ಮಿಂಟ್ ಬಹಳ ಸರಳ. ವಿಂಡೋಸ್ ಬಳಸಿದವರಿಗೆ ಒಂದು ಗಂಟೆಯಲ್ಲಿ ಒಗ್ಗಿಹೋಗುತ್ತದೆ. ಕ್ಯಾಸೆಟ್ ಕೆಲಸಕ್ಕೆ ಏನೇನೂ ಕೊರತೆಯಿಲ್ಲ, ಮಕ್ಕಳ ಧ್ವನಿಮುದ್ರಣಕ್ಕೆ ಮಾತ್ರ ಕೆಲವು ಹೊಂದಾಣಿಕೆಗಳನ್ನು ಕೈಯಾರೆ ಮಾಡಬೇಕು. ಉಬುಂಟು ಸ್ಟುಡಿಯೋ ಚಾಲೂ ಆಗಲು ತುಸು ನಿಧಾನ, ಡೌನ್‌ಲೋಡ್ ಕೂಡ ಹಲವು ಜಿಬಿ. ಆದರೆ ಹೊಂದಾಣಿಕೆಗಳೆಲ್ಲ ಮೊದಲೇ ಆಗಿರುತ್ತವೆ. ಅಡಾಸಿಟಿ, ಆರ್ಡರ್ ಮುಂತಾದ ತಂತ್ರಾಂಶಗಳು ಜೊತೆಯಲ್ಲೇ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಅದರ ದೀರ್ಘಾವಧಿ ಆವೃತ್ತಿಗೆ ಮೂರು ವರ್ಷ ಬೆಂಬಲವಿರುತ್ತದೆ. ನಾವು ಅದನ್ನೇ ಹಾಕಿಕೊಂಡೆವು. ತೀರ್ಥಹಳ್ಳಿಯಲ್ಲಿರುವ ತಂಗಿಯ ಹಳೆಯ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಟ್ಟೆ. ಅವಳಿಗೆ ಬೇಕಾದದ್ದು ಕೇಳುವುದು ಮತ್ತು ಸಾಹಿತ್ಯ ಬರೆಯುವುದು ಅಷ್ಟೇ. ಒಂದೇ ಮನೆಯ ಅಣ್ಣ ತಂಗಿಗೆ ಎರಡು ಬೇರೆ ಔಷಧ, ಎರಡೂ ಸರಿ.

ಇನ್ನು ಕ್ಯಾಸೆಟ್ಟಿನ ಕೆಲಸ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುವುದು ವೈದ್ಯನಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೆತ್ತೆ ಉದುರಿದ ಕ್ಯಾಸೆಟ್ಟಿನ ಟೇಪನ್ನು ಮೆಲ್ಲಗೆ ಬಿಚ್ಚಿ, ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಪೆಟ್ಟಿಗೆಗೆ ಸಾಗಿಸಿದೆವು. ನಾನು ಶಸ್ತ್ರಚಿಕಿತ್ಸಕನಲ್ಲದಿದ್ದರೂ ಆ ದಿನ ಕೈ ನಡುಗಲಿಲ್ಲ. ಹಾಕುವ ಮೊದಲು ಪ್ರತಿಯೊಂದನ್ನೂ ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತಂದರೆ ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯಲ್ಲೇ ಓಡಿಸಿದರೆ ‘ಗುಂಯ್’ ಎನ್ನುವ 50 ಹರ್ಟ್ಸಿನ ವಿದ್ಯುತ್ ಸದ್ದು ಎಷ್ಟೋ ಕಡಿಮೆ. ಅಡಾಸಿಟಿ 2000ದಿಂದ ಉಚಿತವಾಗಿ ದೊರೆಯುತ್ತಿರುವ ತಂತ್ರಾಂಶ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರಲ್ಲಿ 48,000 ಹರ್ಟ್ಸ್, 24 ಬಿಟ್ ಇಟ್ಟುಕೊಂಡರೆ ಒಂದು ಗಂಟೆಯ ಕ್ಯಾಸೆಟ್ ಸುಮಾರು 1 ಜಿಬಿ ಜಾಗ ಹಿಡಿಯುತ್ತದೆ. ಹದಿನಾಲ್ಕೂ ಸೇರಿ ಒಂದು ಸಾಧಾರಣ ಪೆನ್‌ಡ್ರೈವಿನಲ್ಲಿ ಕೂರುತ್ತವೆ. ಅಮ್ಮನ ಆರು ವರ್ಷದ ಹಾಡು ನನ್ನ ಹೆಬ್ಬೆರಳಿನಷ್ಟು ಜಾಗದಲ್ಲಿ!

ಉಳಿಸುವುದು ‘ಫ್ಲ್ಯಾಕ್’ ಎಂಬ ರೂಪದಲ್ಲಿ. ಎಂಪಿ3ಯ ಹಾಗೆ ಇದು ಶಬ್ದದ ಯಾವ ಅಂಶವನ್ನೂ ಬಿಸಾಡುವುದಿಲ್ಲ, ಜಾಗ ಮಾತ್ರ ಉಳಿಸುತ್ತದೆ. ಇದು ಯಾವ ಕಂಪನಿಯ ಸ್ವತ್ತೂ ಅಲ್ಲ. ಇದರ ವಿವರವೆಲ್ಲ 2024ರ ಡಿಸೆಂಬರ್‌ನಲ್ಲಿ ಅಂತರ್ಜಾಲದ ಮಾನಕವಾಗಿ ಪ್ರಕಟವಾಗಿದೆ. ಮುಂದೆ ಮೊಮ್ಮಕ್ಕಳು ಯಾವುದೋ ಯಂತ್ರದಲ್ಲಿ ಇದನ್ನು ತೆರೆಯಬೇಕಾದಾಗ ಯಾರ ಪರವಾನಗಿಗೂ ಕಾಯಬೇಕಿಲ್ಲ. ನನಗೆ ಲಿನಕ್ಸಿಗಿಂತಲೂ ಮುಖ್ಯ ಎನಿಸಿದ್ದು ಇದು.

ಆಮೇಲೆ ಬಂತು ನೋಡಿ ನಿಜವಾದ ಪ್ರಶ್ನೆ. ಅಮ್ಮ ಹಾಡುವಾಗ ಹಿಂದೆ ಹಂಚಿನ ಮೇಲೆ ಮಳೆ ಸುರಿಯುತ್ತಿದೆ. ಕೊಟ್ಟಿಗೆಯಲ್ಲಿ ದನ ಕೂಗುತ್ತದೆ. ಟೇಪಿನದೇ ‘ಸ್ಸ್’ ಎಂಬ ಸದ್ದು ಬೇರೆ. ಅಡಾಸಿಟಿಯಲ್ಲಿ ಖಾಲಿ ಜಾಗದ ಸದ್ದನ್ನು ಮಾದರಿಯಾಗಿ ತೋರಿಸಿದರೆ ಅಂಥ ಸದ್ದನ್ನು ಇಡೀ ಹಾಡಿನಿಂದ ಅಳಿಸಿಕೊಡುವ ಸೌಲಭ್ಯವಿದೆ. ಜೋರಾಗಿ ಅಳಿಸಿ ನೋಡಿದೆವು. ಮಳೆ ಹೋಯಿತು, ಜೊತೆಗೆ ಅಮ್ಮನ ‘ಸ’ಕಾರ, ‘ಶ’ಕಾರಗಳೂ ಸವೆದುಹೋದವು. ಅದಕ್ಕೆ ಕಾರಣವಿದೆ. ಈ ವ್ಯಂಜನಗಳು ಬಾಯಿಂದ ಹೊರಡುವುದೇ ಹೆಚ್ಚಿನ ಕಂಪನದ ಸುಯ್ಯೆನ್ನುವ ಸದ್ದಾಗಿ. ಮಳೆಗೂ ಅವಕ್ಕೂ ಇರುವ ಅಂತರ ಯಂತ್ರಕ್ಕೆ ಚೆನ್ನಾಗಿ ತಿಳಿಯುವುದಿಲ್ಲ. ವಯಸ್ಸಾದವರು ‘ಕೇಳಿಸುತ್ತೆ ಡಾಕ್ಟ್ರೇ, ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ’ ಎನ್ನುತ್ತಾರಲ್ಲ, ಅದೂ ಇದೇ ಕತೆ. ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಗಳನ್ನು, ಅಂದರೆ ಈ ವ್ಯಂಜನಗಳನ್ನೇ. ರೋಗಿಗೆ ಹಾನಿ ಮಾಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹಾಗಾಗಿ ಮೂಲ ಕಡತವನ್ನು ಮುಟ್ಟಲೇಬಾರದು, ಏನೇ ತಿದ್ದಿದರೂ ನಕಲಿನಲ್ಲಿ, ಅದೂ ಸ್ವಲ್ಪವೇ ಸ್ವಲ್ಪ ಎಂದು ಗೊತ್ತು ಮಾಡಿಕೊಂಡೆವು. ಮಳೆ ಹಾಗೇ ಇದೆ. ತೀರ್ಥಹಳ್ಳಿಯ ಮಳೆ ಸೊಹಾರ್‌ನ ಮನೆಯಲ್ಲಿ ಸುರಿದರೆ ಯಾರಿಗೆ ಬೇಡ!

ಮೂರನೆಯ ಕ್ಯಾಸೆಟ್ಟಿನಲ್ಲಿ ಹಸೆಗೆ ಕರೆಯುವ ಹಾಡು ಸಿಕ್ಕಿತು. ಆದರೆ ಅರ್ಧದಲ್ಲಿ ನಿಲ್ಲುತ್ತದೆ. “ಮಗೂ, ಕೊನೇ ನುಡಿ ಮರೆತೇ ಹೋಯ್ತು. ನೆನಪಾದಾಗ ಹೇಳ್ತೀನಿ” ಎಂದು ಅಮ್ಮ ಬೇರೆ ಹಾಡಿಗೆ ಹೋಗುತ್ತಾರೆ. ಮಗಳ ಮುಖ ಸಪ್ಪಗಾಯಿತು. ಅಕ್ಕ ತಂಗಿಯರಿಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿಲ್ಲ. ಹಾಗೆಯೇ ಒಂದೊಂದೇ ಇಳಿಸುತ್ತಾ ಹೋದಂತೆ ಒಂಬತ್ತನೆಯದರಲ್ಲಿ, ಅದು 2004ರ ಕ್ಯಾಸೆಟ್, ಅಡಿಕೆ ಸುಲಿಯುವವರ ಸುದ್ದಿ ಹೇಳುತ್ತಿದ್ದ ಅಮ್ಮ ತಟ್ಟನೆ, “ಹ್ಞಾಂ, ಆವತ್ತಿನ ಹಾಡಿನ ಕೊನೇ ನುಡಿ ನೆನಪಾಯ್ತು ನೋಡು” ಎಂದು ನಾಲ್ಕೇ ಸಾಲು ಹಾಡಿ ಮತ್ತೆ ಅಡಿಕೆಗೆ ಹೋದರು. ನಾನೂ ನನ್ನ ಶ್ರೀಮತಿಯೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಮಾತು ಹೊರಡಲಿಲ್ಲ.

ಎರಡು ಕ್ಯಾಸೆಟ್ಟಿನ ಶ್ರುತಿ ಒಂದೇ ಇರಲಿಲ್ಲ. ಎರಡನೆಯದು ಹಾರ್ಮೋನಿಯಂನ ಒಂದು ಮನೆಯಷ್ಟು ಕೆಳಗಿತ್ತು. ಅಮ್ಮನ ವಯಸ್ಸೋ, ಟೇಪಿನ ವೇಗವೋ. ಆರ್ಡರ್ ತಂತ್ರಾಂಶದಲ್ಲಿ ಎರಡನ್ನೂ ಒಂದರ ಕೆಳಗೊಂದು ಇಟ್ಟು, ಶ್ರುತಿ ಸೇರಿಸಿ, ಮಳೆಯ ಸದ್ದಿನ ಮೇಲೆ ಮೆಲ್ಲಗೆ ಜೋಡಿಸಿದ್ದೇವೆ. ಮದುವೆಯ ದಿನ ಹಾಕುವುದು ಈ ಜೋಡಿಸಿದ ಪ್ರತಿ. ಆದರೆ ಮೂಲ ಕಡತಗಳಲ್ಲಿ ಆ ಮರೆವು, ಮೂರು ವರ್ಷದ ಆ ಅಂತರ ಹಾಗೇ ಉಳಿದಿವೆ. ಅವೂ ಅಮ್ಮನವೇ ತಾನೆ.

ಸಾಹಿತ್ಯ ಬರೆದಿಡುವ ಕೆಲಸ ನನ್ನ ಶ್ರೀಮತಿಯದು. ಲಿನಕ್ಸಿನಲ್ಲಿ ಕನ್ನಡ ಬರುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ಕೀಲಿಮಣೆ ವಿನ್ಯಾಸ ಅದರೊಳಗೇ ಇದೆ. ಸೆಟ್ಟಿಂಗ್ಸಿನಲ್ಲಿ ಆರಿಸಿಕೊಂಡರೆ ಸಾಕು. ನುಡಿ ಬಳಸಿದವರ ಬೆರಳಿಗೆ ಹೊಸದೇನೂ ಅಲ್ಲ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರ ವಿನ್ಯಾಸಗಳೂ ಉಚಿತವಾಗಿ ಸಿಗುತ್ತವೆ.

ಪಟ್ಟಿಯ ಎರಡನೆಯ ಕೆಲಸವೂ ನಡೆದಿದೆ. ಕಾರ್ಯಕ್ರಮಕ್ಕೆ ನಮ್ಮ ಮಕ್ಕಳಿಂದ ನಾಡಗೀತೆ ಹಾಡಿಸಬೇಕಿತ್ತು. ಒಬ್ಬರ ಮನೆ ಫಲಜ್ ಅಲ್ ಕಬಾಯಿಲ್‌ನಲ್ಲಿ, ಇನ್ನೊಬ್ಬರದು ಸಹಮ್‌ನಲ್ಲಿ, ಮತ್ತೊಬ್ಬರದು ಶಿನಾಸ್‌ನಲ್ಲಿ. ತಂದೆ ತಾಯಿಯರ ಪಾಳಿ ಹೊಂದಿಸಿ ಆರು ಮಕ್ಕಳನ್ನು ಒಂದೇ ಹೊತ್ತಿಗೆ ಕೂಡಿಸುವುದು ಮಸ್ಕತ್ ಕಾರ್ಯಕ್ರಮ ಮಾಡಿದಷ್ಟೇ ಕಷ್ಟ. ಆದ್ದರಿಂದ ಒಬ್ಬೊಬ್ಬರನ್ನೇ ಕರೆದು ಮುದ್ರಿಸಿಕೊಂಡೆವು. ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿ ಮೊದಲ ಪದರ, ತಾಳದ ತಟ್ಟು ಎರಡನೆಯದು, ಅದರ ಮೇಲೆ ಆರು ದನಿ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡು ಎಂದು ಕರ್ನಾಟಕ ಸರ್ಕಾರ 2022ರಲ್ಲಿ ನಿಗದಿ ಮಾಡಿದೆಯಲ್ಲ, ಅದೇ ಅಳತೆಗೆ ತಾಳ ಕೂರಿಸಿದೆವು. ಧ್ವನಿಮುದ್ರಣದ ಹೊತ್ತಿಗೆ ಏಸಿ ಬಂದ್. ಡಿಸೆಂಬರ್ ಆದ್ದರಿಂದ ಬದುಕಿದೆವು, ಜೂನ್ ಆಗಿದ್ದರೆ ಮಕ್ಕಳಿಗಿಂತ ಮೊದಲು ಡಾಕ್ಟರಿಗೇ ಡ್ರಿಪ್ ಹಾಕಬೇಕಾಗುತ್ತಿತ್ತು! ಕುಂದಾಪುರ, ಬೆಳಗಾವಿ, ಮೈಸೂರಿನ ಮೂಲದ ಆರು ಮಕ್ಕಳ ದನಿ ಒಟ್ಟಿಗೆ ಕೇಳಿಸಿದಾಗ, ಒಬ್ಬರ ಜೊತೆ ಒಬ್ಬರು ನಿಂತು ಹಾಡಿಲ್ಲ ಎಂದು ಹೇಳಿದರೂ ಯಾರೂ ನಂಬಲಿಲ್ಲ.

ಓದುಗ ಮಿತ್ರರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ನನ್ನ ಔಷಧ ಚೀಟಿಯನ್ನು ಇಲ್ಲಿ ಕೊಡುತ್ತೇನೆ.

ಕ್ಯಾಸೆಟ್ ಇಳಿಸುವುದಷ್ಟೇ ನಿಮ್ಮ ಕೆಲಸವಾದರೆ ಲಿನಕ್ಸ್ ಮಿಂಟ್ ಮತ್ತು ಅಡಾಸಿಟಿ ಸಾಕು. ಮನೆಯಲ್ಲಿ ಸಂಗೀತ ಕಲಿಯುವವರಿದ್ದು, ಹಲವು ಪದರಗಳಲ್ಲಿ ಹಾಡು ಮುದ್ರಿಸುವುದಿದ್ದರೆ ಉಬುಂಟು ಸ್ಟುಡಿಯೋ ದೀರ್ಘಾವಧಿ ಆವೃತ್ತಿ. ಯಂತ್ರ ಹಳೆಯದು, ಆದರೆ ಕಲಿಯುವ ಉಮೇದು ಇದೆ ಎನ್ನುವವರಿಗೆ ಎವಿ ಲಿನಕ್ಸ್. ಹೊಸದನ್ನು ಮೊದಲು ನೋಡುವ ಆಸೆಯಿದ್ದರೆ ಫೆಡೋರಾ ಜಾಮ್. ಯಾವುದೇ ಆದರೂ ಮೊದಲು ಪೆನ್‌ಡ್ರೈವಿನಲ್ಲಿ ಪರೀಕ್ಷಿಸಿ, ಹಳೆಯ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಂಡು, ಆಮೇಲೆ ಹಾಕಿ. ಆಡಿಯೋ ಇಂಟರ್‌ಫೇಸ್ ಕೊಳ್ಳುವ ಮುಂಚೆ, ಬೇರೆ ಡ್ರೈವರ್ ಹಾಕದೆ ಓಡುವಂಥದೇ ಎಂದು ಕೇಳಿ ತಿಳಿಯಿರಿ. ಇಳಿಸಿದ ಹಾಡಿನ ಮೂರು ಪ್ರತಿಗಳು ಮೂರು ಊರಿನಲ್ಲಿರಲಿ. ನಮ್ಮವು ಸೊಹಾರ್, ತೀರ್ಥಹಳ್ಳಿ, ಬೆಂಗಳೂರಿನಲ್ಲಿವೆ.

ಯಾವ ಲಿನಕ್ಸ್ ಶ್ರೇಷ್ಠ ಎಂದು ಗೆಳೆಯರು ಈಗಲೂ ನನ್ನ ಮುಂದೆ ವಾದ ಮಾಡುತ್ತಾರೆ. ಯಾವ ಬ್ರ್ಯಾಂಡಿನ ಮಾತ್ರೆ ಒಳ್ಳೆಯದು ಎಂದು ವಾದ ಮಾಡುತ್ತಾ ರೋಗಿಯನ್ನು ಕಾಯಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕರಲ್ಲಿ ಯಾವುದನ್ನು ಹಾಕಿಕೊಂಡಿದ್ದರೂ ಒಂಬತ್ತನೆಯ ಕ್ಯಾಸೆಟ್ಟಿನಲ್ಲಿ ಅಮ್ಮನ ಕೊನೆಯ ನುಡಿ ಸಿಗುತ್ತಿತ್ತು, ಏನನ್ನೂ ಹಾಕಿಕೊಳ್ಳದೆ ಇನ್ನೈದು ವರ್ಷ ಯೋಚಿಸುತ್ತಾ ಕೂತಿದ್ದರೆ ಸಿಗುತ್ತಿತ್ತೋ ಇಲ್ಲವೋ. ಹದಿನಾಲ್ಕರಲ್ಲಿ ಹನ್ನೊಂದು ಮುಗಿದಿವೆ, ಮೂರು ಬಾಕಿ.

ಕೊಲ್ಲಿಯಲ್ಲಿ ಇಪ್ಪತ್ತು, ಮೂವತ್ತು ವರ್ಷ ಕಳೆದ ಎಷ್ಟೋ ಕನ್ನಡ ಮನೆಗಳ ಅಟ್ಟದಲ್ಲಿ, ಸೂಟ್‌ಕೇಸಿನ ತಳದಲ್ಲಿ ಇಂಥ ಕ್ಯಾಸೆಟ್ಟುಗಳು ಇದ್ದೇ ಇವೆ. ಅಜ್ಜನ ಪುರಾಣ ವಾಚನವೋ, ಅತ್ತೆಯ ಲಾಲಿಯೋ, ಮದುವೆ ಮನೆಯ ಗದ್ದಲವೋ. ಇವನ್ನು ಯಾವ ಕಂಪನಿಯೂ ಸಿಡಿ ಮಾಡಿ ಮಾರುವುದಿಲ್ಲ, ಯಾವ ಅಂಗಡಿಯಲ್ಲೂ ಎರಡನೆಯ ಪ್ರತಿ ಸಿಗುವುದಿಲ್ಲ. ಈ ಹಬ್ಬದ ರಜೆಯಲ್ಲಿ ಒಮ್ಮೆ ತೆಗೆದು ನೋಡಿ. ಟೇಪ್‌ರೆಕಾರ್ಡರ್ ಇಲ್ಲದಿದ್ದರೆ ನಮ್ಮ ಮನೆಯದು ಸುಸ್ಥಿತಿಯಲ್ಲಿದೆ, ಶುಕ್ರವಾರ ಬೆಳಿಗ್ಗೆ ಬಿಡುವೂ ಇರುತ್ತದೆ. ಬರುವಾಗ ಕ್ಯಾಸೆಟ್ ಮತ್ತು ಒಂದು ಖಾಲಿ ಪೆನ್‌ಡ್ರೈವ್ ತಂದರೆ ಸಾಕು, ಕಾಫಿ ನಮ್ಮದು.